ಆಟದ ವೇಷದಲ್ಲಿ ಬಂದ ಕೇಡು

ರಾತ್ರಿ ಮಲಗುವ ಮುನ್ನ ಮನೆಯ ಬಾಗಿಲಿಗೆ ಅಗುಳಿ ಹಾಕುವುದನ್ನು ನಾವು ಮರೆಯುವುದಿಲ್ಲ. ಅಪರಿಚಿತರು ಬಂದು ಕದ ತಟ್ಟಿದರೆ, ಯಾರು, ಎಲ್ಲಿಂದ ಬಂದವರು ಎಂದು ವಿಚಾರಿಸಿದ ಮೇಲೆಯೇ ಬಾಗಿಲು ತೆರೆಯುತ್ತೇವೆ. ಇಷ್ಟು ಎಚ್ಚರವುಳ್ಳ ನಾವು ಗಣಕಯಂತ್ರದ ಮುಂದೆ ಕುಳಿತಾಗ ಮಾತ್ರ, ಯಾರು ಬರೆದರೆಂದು ತಿಳಿಯದ ತಂತ್ರಾಂಶವನ್ನು ಒಂದು ಗುಂಡಿಯನ್ನೊತ್ತಿ ಒಳಕ್ಕೆ ಬರಮಾಡಿಕೊಳ್ಳುತ್ತೇವೆ. ಅದು ಆಟದ ವೇಷದಲ್ಲಿ ಬಂದರಂತೂ ವಿಚಾರಣೆಯ ಮಾತೇ ಇಲ್ಲ.

ಆಟದೊಡನೆ ಕೇಡು ಬರುವುದು ಹೊಸ ಸಂಗತಿಯೇನಲ್ಲ. 1982ರಲ್ಲಿ ಅಮೆರಿಕದ ರಿಚ್ ಸ್ಕ್ರೆಂಟಾ ಎಂಬ 15 ವರ್ಷದ ವಿದ್ಯಾರ್ಥಿಯು ಗೆಳೆಯರನ್ನು ಗೇಲಿ ಮಾಡುವ ಸಲುವಾಗಿ ‘ಎಲ್ಕ್ ಕ್ಲೋನರ್’ ಎಂಬ ಪುಟ್ಟ ತಂತ್ರಾಂಶವನ್ನು ರಚಿಸಿದನು. ಆಗಿನ ಹುಡುಗರು ಆಟಗಳನ್ನು ಫ್ಲಾಪಿಗಳಲ್ಲಿ ತುಂಬಿಕೊಂಡು ಪರಸ್ಪರ ಹಂಚಿಕೊಳ್ಳುತ್ತಿದ್ದರು. ಸೋಂಕು ತಗುಲಿದ ಫ್ಲಾಪಿಯಿಂದ ಯಂತ್ರವನ್ನು ಚಾಲನೆ ಮಾಡಿದರೆ ಎಲ್ಕ್ ಕ್ಲೋನರ್ ಅದರ ಸ್ಮೃತಿಕೋಶವನ್ನು ಹೊಕ್ಕು, ಅನಂತರ ಹಾಕಿದ ಬೇರೆ ಫ್ಲಾಪಿಗಳಿಗೆ ತನ್ನ ಪ್ರತಿಯನ್ನು ಬರೆಯುತ್ತಿತ್ತು. 50ನೆಯ ಬಾರಿ ಚಾಲನೆ ಮಾಡಿದಾಗ ತೆರೆಯ ಮೇಲೆ ಒಂದು ಪುಟ್ಟ ಪದ್ಯ ಮೂಡುತ್ತಿತ್ತು. ಆ ಬಾಲಕನಿಗೆ ಬೇಕಾಗಿದ್ದುದು ನಗೆ. ಇಂದು ಇದೇ ದಾರಿ ಹಿಡಿದು ಬರುವವರಿಗೆ ಬೇಕಾಗಿರುವುದು ನಮ್ಮ ಸೊತ್ತು.

ಇಂದಿನ ಆಟಗಳಲ್ಲಿ ‘ಮಾಡ್’ ಎಂಬುದೊಂದು ಪದ್ಧತಿಯಿದೆ. ಸಿದ್ಧವಾಗಿರುವ ಆಟಕ್ಕೆ ಆಟಗಾರರೇ ಹೊಸ ಪ್ರಾಣಿಗಳನ್ನು, ಕಟ್ಟಡಗಳನ್ನು, ನಿಯಮಗಳನ್ನು ರಚಿಸಿ ಸೇರಿಸುವುದಕ್ಕೆ ಈ ಹೆಸರು. 2011ರಲ್ಲಿ ಸ್ವೀಡನ್ನಿನ ಮೊಜಾಂಗ್ ಸಂಸ್ಥೆಯು ಪೂರ್ಣರೂಪದಲ್ಲಿ ಹೊರತಂದ ‘ಮೈನ್‌ಕ್ರಾಫ್ಟ್’ ಆಟಕ್ಕೆ ಇಂತಹ ಮಾಡ್‌ಗಳು ಅಸಂಖ್ಯಾತವಾಗಿವೆ. ಅನೇಕ ಕಿಶೋರರು ಮಾಡ್‌ಗಳನ್ನು ರಚಿಸುತ್ತಲೇ ಗಣಕಯಂತ್ರದ ಭಾಷೆಯನ್ನು ಕಲಿತಿದ್ದಾರೆ. ಇದು ಮೆಚ್ಚತಕ್ಕ ವಿಷಯವೇ ಸರಿ.

ಆದರೆ ಒಂದು ಮಾತನ್ನು ಮನದಟ್ಟು ಮಾಡಿಕೊಳ್ಳಬೇಕು. ಮಾಡ್ ಎಂಬುದು ಅನೇಕ ವೇಳೆ ಬರಿಯ ಚಿತ್ರವಲ್ಲ. ಅದೂ ಒಂದು ತಂತ್ರಾಂಶ. ಜಾವಾ ಭಾಷೆಯಲ್ಲಿರುವ ಮೈನ್‌ಕ್ರಾಫ್ಟಿನ ಮಾಡ್‌ಗಳು ‘ಜಾರ್’ ಎಂಬ ಬಗೆಯ ಕಡತಗಳಾಗಿ ಬರುತ್ತವೆ. ಆಟವನ್ನು ತೆರೆದೊಡನೆ ಅದರೊಳಗಿನ ಆದೇಶಗಳು ಕಾರ್ಯಗತವಾಗುತ್ತವೆ. ಯಂತ್ರದಲ್ಲಿ ನಾವು ಓದಬಹುದಾದ ಕಡತಗಳನ್ನು ಆ ಮಾಡ್ ಕೂಡ ಓದಬಲ್ಲದು. ನಾವು ಅಳಿಸಬಹುದಾದುದನ್ನು ಅದೂ ಅಳಿಸಬಲ್ಲದು. ಗೋಡೆಗೆ ಬಣ್ಣ ಬಳಿಯಲು ಬಂದವನ ಕೈಗೆ ಮನೆಯ ಬೀಗದ ಕೈಗಳ ಗೊಂಚಲನ್ನೇ ಕೊಟ್ಟಂತೆ ಇದು.

ಈ ಅಪಾಯ ಎಷ್ಟು ನಿಜವೆಂಬುದು 2023ರ ಜೂನ್ ತಿಂಗಳಲ್ಲಿ ಕಂಡುಬಂದಿತು. ಮಾಡ್‌ಗಳಿಗೆ ಹೆಸರಾದ ‘ಕರ್ಸ್‌ಫೋರ್ಜ್’ ಮತ್ತು ‘ಬಕಿಟ್’ ಎಂಬ ತಾಣಗಳಲ್ಲಿದ್ದ ಕೆಲವು ಮಾಡ್‌ಗಳೊಳಗೆ ‘ಫ್ರ್ಯಾಕ್ಚರೈಸರ್’ ಎಂಬ ಕುತಂತ್ರಾಂಶ ಅಡಗಿತ್ತು. ದುಷ್ಕರ್ಮಿಗಳು ಕೆಲವು ರಚನಕಾರರ ಖಾತೆಗಳನ್ನೇ ವಶಪಡಿಸಿಕೊಂಡು, ಜನರು ನಂಬಿದ್ದ ಮಾಡ್‌ಗಳಲ್ಲಿ ಕೇಡಿನ ಆದೇಶಗಳನ್ನು ಸೇರಿಸಿದ್ದರು. ಅದು ಹಂತಹಂತವಾಗಿ ಕೆಲಸ ಮಾಡುತ್ತಿತ್ತು. ಮೊದಲು ಬಂದ ಸಣ್ಣ ತುಣುಕು ದೂರದ ಯಂತ್ರವೊಂದರಿಂದ ಮುಂದಿನ ಭಾಗಗಳನ್ನು ಕರೆಸಿಕೊಳ್ಳುತ್ತಿತ್ತು. ಕೊನೆಯ ಭಾಗವು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಆಟದ ಖಾತೆಯ ಗುರುತುಗಳನ್ನೂ ಕದಿಯುತ್ತಿತ್ತು. ಅಷ್ಟಕ್ಕೇ ತೃಪ್ತಿಪಡದೆ, ಯಂತ್ರದಲ್ಲಿದ್ದ ಇತರ ಜಾರ್ ಕಡತಗಳಿಗೂ ತನ್ನ ಸೋಂಕನ್ನು ಅಂಟಿಸುತ್ತಿತ್ತು. ಹೀಗಾಗಿ ಮೋಸಹೋದ ರಚನಕಾರನೊಬ್ಬನು ತಾನರಿಯದೆಯೇ ಇತರರಿಗೆ ಕೇಡನ್ನು ಹಂಚುವ ಸಾಧ್ಯತೆಯಿತ್ತು.

ಇಲ್ಲಿ ಮೋಸಹೋದವರೆಲ್ಲರೂ ಅಜಾಗರೂಕರಲ್ಲ. ಹೆಸರಾದ ತಾಣದಿಂದ, ಪರಿಚಿತ ಹೆಸರಿನ ಮಾಡ್‌ಗಳನ್ನು ಇಳಿಸಿಕೊಂಡವರೂ ಅವರಲ್ಲಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮಗೆ ಗೊತ್ತು. ನಿನ್ನೆ ಹಾಲು ತಂದ ಪಾತ್ರೆಯನ್ನೂ ಇಂದು ಮತ್ತೊಮ್ಮೆ ನೋಡಬೇಕೆಂಬುದು ಈ ಘಟನೆಯ ಪಾಠ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ಮೂಲ ರಚನಕಾರನ ಪುಟದಿಂದಲೇ ಮಾಡ್ ಅನ್ನು ಪಡೆಯಬೇಕು. ಯಾರೋ ಕಳುಹಿಸಿದ ಕೊಂಡಿಯನ್ನಾಗಲಿ, ಹಣ ಕೊಟ್ಟು ಕೊಳ್ಳಬೇಕಾದ ಆಟವನ್ನು ಪುಕ್ಕಟೆ ಕೊಡುತ್ತೇವೆನ್ನುವ ಆಮಿಷವನ್ನಾಗಲಿ ನಂಬಬಾರದು. ಎರಡನೆಯದಾಗಿ, ಕಡತದ ಹೆಸರಿನ ಬಾಲವನ್ನು ಗಮನಿಸಬೇಕು. ವಿಂಡೋಸ್ ಯಂತ್ರಗಳು ಸಾಮಾನ್ಯವಾಗಿ ಈ ಬಾಲವನ್ನು ಮರೆಮಾಡಿರುತ್ತವೆ. ಆದುದರಿಂದ ಚಿತ್ರದಂತೆ ತೋರುವ ಕಡತವು ನಿಜವಾಗಿ ‘ಇಎಕ್ಸ್‌ಇ’ ಬಗೆಯ ತಂತ್ರಾಂಶವಾಗಿರಬಹುದು. ಮೂರನೆಯದಾಗಿ, ಹೊಸದಾಗಿ ಬಂದ ಮಾಡ್ ಅನ್ನು ಬಂದ ದಿನವೇ ಹಾಕಿಕೊಳ್ಳುವ ಆತುರ ಬೇಡ. ಆಂಟಿವೈರಸ್ಸಿನಿಂದ ಪರೀಕ್ಷಿಸಬೇಕು, ಆದರೆ ಹೊಸ ಕೇಡು ಅದರ ಕಣ್ಣಿಗೂ ಬೀಳದಿರಬಹುದೆಂಬುದನ್ನು ನೆನಪಿಡಬೇಕು. “ಆಂಟಿವೈರಸ್ಸನ್ನು ನಿಲ್ಲಿಸಿ, ಆಮೇಲೆ ಇದನ್ನು ತೆರೆಯಿರಿ” ಎಂಬ ಸೂಚನೆ ಕಂಡರೆ ಅಲ್ಲಿಯೇ ಕೈಬಿಡಬೇಕು. ಕಾವಲುಗಾರನನ್ನು ಕಳುಹಿಸಿಬಿಡಿ ಎನ್ನುವ ಅತಿಥಿಯನ್ನು ಯಾರು ತಾನೇ ಒಳಗೆ ಕರೆದಾರು? ಕೊನೆಯದಾಗಿ, ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಬೇಕು. ಮನೆಯ ಹಣಕಾಸಿನ ವ್ಯವಹಾರ ನಡೆಯುವ ಯಂತ್ರದಲ್ಲಿ ಮಾಡ್‌ಗಳನ್ನು ಹಾಕದಿರುವುದೇ ಲೇಸು.

ಇಷ್ಟಾದರೂ ಒಮ್ಮೊಮ್ಮೆ ಮೋಸಹೋಗಬಹುದು. ಆಗ ಬೈಗುಳಕ್ಕೆ ಹೆದರಿ ಸುಮ್ಮನಿರುವುದು ಮೊದಲ ತಪ್ಪಿಗಿಂತ ದೊಡ್ಡ ತಪ್ಪು. ಮಗನ ಆಟದಿಂದ ಬಂದ ಕೇಡು ತಂದೆಯ ಬ್ಯಾಂಕ್ ಖಾತೆಯನ್ನು ತಲುಪಲು ಹೆಚ್ಚು ಹೊತ್ತು ಬೇಕಾಗಿಲ್ಲ. ಕೂಡಲೇ ಅಂತರಜಾಲದ ಸಂಪರ್ಕವನ್ನು ಕಡಿದು ಹಿರಿಯರಿಗೆ ತಿಳಿಸಬೇಕು. ಸೋಂಕಿಲ್ಲದ ಬೇರೊಂದು ಯಂತ್ರದಿಂದ ಎಲ್ಲ ಪಾಸ್‌ವರ್ಡುಗಳನ್ನು ಬದಲಾಯಿಸಬೇಕು. ಹಣ ಕಳೆದುಹೋಗಿದ್ದರೆ ನಮ್ಮ ದೇಶದ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಫಲವೇನು?

ಫ್ರ್ಯಾಕ್ಚರೈಸರ್ ಪ್ರಕರಣದ ಇನ್ನೊಂದು ಮುಖವನ್ನೂ ಮರೆಯಬಾರದು. ಸುದ್ದಿ ಹರಡಿದೊಡನೆ ಮಾಡ್ ರಚನಕಾರರು ಸ್ವಯಂಪ್ರೇರಣೆಯಿಂದ ಒಂದುಗೂಡಿದರು. ಆ ಕುತಂತ್ರಾಂಶವನ್ನು ಬಿಡಿಸಿ ನೋಡಿ ಅದರ ಗುಟ್ಟನ್ನು ಅರಿತರು. ಅದನ್ನು ಪತ್ತೆಹಚ್ಚುವ ಸಾಧನಗಳನ್ನು ರಚಿಸಿ ಎಲ್ಲರಿಗೂ ಉಚಿತವಾಗಿ ಹಂಚಿದರು. ಕೇಡನ್ನು ಬರೆದವರಿಗಿದ್ದ ವಿದ್ಯೆಯೇ ಅದನ್ನು ಹಿಡಿದವರಿಗೂ ಇತ್ತು. ಅದನ್ನು ಬಳಸಿದ ಉದ್ದೇಶ ಬೇರೆಯಾಗಿತ್ತು. ನಾಳೆ ಈ ವಿದ್ಯೆ ನಿಮ್ಮ ಕೈಸೇರಲಿದೆ. ಅದು ಯಾರ ಬಾಗಿಲನ್ನು ಮುರಿಯದೆ, ಎಲ್ಲರ ಬಾಗಿಲನ್ನೂ ಕಾಯುವಂತಾಗಲಿ.

ಅಭ್ಯಾಸ

1. ಎಲ್ಕ್ ಕ್ಲೋನರ್ ಹೇಗೆ ಹರಡುತ್ತಿತ್ತು?
2. ಮಾಡ್ ಹಾಕಿಕೊಳ್ಳುವುದನ್ನು ಬೀಗದ ಕೈಗಳ ಗೊಂಚಲನ್ನು ಕೊಡುವುದಕ್ಕೆ ಹೋಲಿಸಿರುವುದೇಕೆ?
3. 2023ರ ಘಟನೆಯಲ್ಲಿ ಎಚ್ಚರವುಳ್ಳವರೂ ಮೋಸಹೋದುದಕ್ಕೆ ಕಾರಣವೇನು?
4. ‘ಸುಮ್ಮನಿರುವುದು ಮೊದಲ ತಪ್ಪಿಗಿಂತ ದೊಡ್ಡ ತಪ್ಪು’ — ಈ ಮಾತನ್ನು ಸಂದರ್ಭದೊಡನೆ ವಿವರಿಸಿ.