ಹುಡುಕಾಟವೂ ಒಂದು ಅಮಾನತ್ತು

ಒಬ್ಬನು ಇನ್ನೊಬ್ಬನೊಡನೆ ಮಾತನಾಡುತ್ತಾ, ಬೇರೆ ಯಾರಾದರೂ ಕೇಳಿಸಿಕೊಳ್ಳುತ್ತಿರುವರೋ ಎಂದು ಅತ್ತಿತ್ತ ನೋಡಿದನೆಂದರೆ ಆ ಮಾತು ಕೇಳಿದವನ ಬಳಿ ಅಮಾನತ್ತಾಗಿಬಿಡುತ್ತದೆ. ಪ್ರವಾದಿವರ್ಯರು(ಸ) ಹೀಗೆ ಕಲಿಸಿರುವುದು ಅಬೂದಾವೂದ್ ಮತ್ತು ತಿರ್ಮಿದಿ ಹದೀಸ್ ಸಂಗ್ರಹಗಳಲ್ಲಿ ವರದಿಯಾಗಿದೆ. ಇದನ್ನು ಯಾರಿಗೂ ಹೇಳಬೇಡ ಎಂದು ಬಾಯಿಬಿಟ್ಟು ಕೇಳಿಕೊಳ್ಳಬೇಕಾದ ಅಗತ್ಯವಿಲ್ಲ. ಆ ಒಂದು ನೋಟವೇ ಸಾಕು. ಕೇಳಿದವನು ಅದನ್ನು ತನ್ನಲ್ಲೇ ಉಳಿಸಿಕೊಳ್ಳಲು ಬಾಧ್ಯನಾಗುತ್ತಾನೆ.

ಇಂದು ನಾವು ಅತ್ತಿತ್ತ ನೋಡಿ ಹೇಳುವ ಎಷ್ಟೋ ಮಾತುಗಳು ಮನುಷ್ಯನ ಕಿವಿಗೆ ಬೀಳುವುದಿಲ್ಲ. ಅವು ಮೊಬೈಲಿನ ಸಣ್ಣ ಚೌಕದೊಳಗೆ ಬೀಳುತ್ತವೆ. ಶಿಡ್ಲಘಟ್ಟದ ರೀಲರ್ ಒಬ್ಬನು ಗೂಡಿನ ದರ ಏರಿ ಕೈ ಬರಿದಾದಾಗ, ಮನೆಯವರೆಲ್ಲ ಮಲಗಿದ ಮೇಲೆ ಸಾಲ ಸಿಗುವ ದಾರಿ ಹುಡುಕುತ್ತಾನೆ. ಚಿಂತಾಮಣಿಯ ತಾಯಿಯೊಬ್ಬಳು ಎದೆಯಲ್ಲಿ ಕೈಗೆ ಸಿಕ್ಕಿದ ಗಂಟಿನ ಬಗ್ಗೆ ಗಂಡನಿಗಿಂತ ಮೊದಲು ಫೋನನ್ನು ಕೇಳುತ್ತಾಳೆ. ಗೌರಿಬಿದನೂರಿನ ಹುಡುಗಿ ತವರಿಗೆ ಮರಳಿದ ಅಕ್ಕನಿಗೆ ಜೀವನಾಂಶ ದೊರೆಯುವುದೇ ಎಂದು ನೋಡುತ್ತಾಳೆ. ಚಿಕ್ಕಬಳ್ಳಾಪುರದ ಯುವಕ ಕುಡಿತ ಬಿಡುವುದು ಹೇಗೆ ಎಂದು ಬರೆಯುತ್ತಾನೆ. ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಜಿಲ್ಲೆಯ ಜನರು ಮೂರು ಭಾಷೆಯಲ್ಲಿಯೂ ಯಾರಿಗೂ ಹೇಳದ ಮಾತನ್ನು ಸರ್ಚ್ ಎಂಜಿನ್ನಿಗೆ ಹೇಳುತ್ತಾರೆ.

ಹಾಗಾದರೆ ಈ ಅಮಾನತ್ತನ್ನು ಪಡೆಯುತ್ತಿರುವವನು ಯಾರು? ಅವನು ನಂಬಿಕೆಗೆ ಅರ್ಹನೇ? ಬೇರೊಬ್ಬನನ್ನು ಆರಿಸಿಕೊಳ್ಳುವುದಾದರೆ ಹೇಗೆ ಪರೀಕ್ಷಿಸಬೇಕು? ಈ ಪಾಠದಲ್ಲಿ ಇದನ್ನು ಅರಿತುಕೊಳ್ಳೋಣ.

ದಲ್ಲಾಳಿಗೆ ತಿಳಿಯುವುದೇನು?

ನಮ್ಮ ಕಡೆಯ ದನದ ಸಂತೆಗಳಲ್ಲಿ ಟವೆಲ್ಲಿನ ಕೆಳಗೆ ಕೈಯಿಟ್ಟು, ಬೆರಳು ಹಿಡಿದು ಬೆಲೆ ಹೇಳುವ ಪದ್ಧತಿಯನ್ನು ಹಿರಿಯರು ಬಲ್ಲರು. ಸುತ್ತ ನಿಂತವರಿಗೆ ಏನೂ ತಿಳಿಯದು. ಆದರೆ ನಡುವೆ ನಿಂತ ದಲ್ಲಾಳಿಗೆ ಎರಡೂ ಕಡೆಯ ಬೆರಳು ತಿಳಿದಿರುತ್ತದೆ. ಟವೆಲ್ಲು ಅವನಿಂದ ಮರೆಮಾಡುವುದಿಲ್ಲ. ಸರ್ಚ್ ಎಂಜಿನ್ನಿನ ಸ್ಥಾನವೂ ಇದೇ ಆಗಿದೆ. ಪಕ್ಕದಲ್ಲಿ ಕುಳಿತವನಿಗೆ ನಮ್ಮ ಪ್ರಶ್ನೆ ಕಾಣದಿರಬಹುದು, ಆದರೆ ನಡುವೆ ನಿಂತವನಿಗೆ ಕಾಣುತ್ತದೆ.

ನಾವು ಬರೆದ ಪದಗಳೊಂದಿಗೆ, ಬರೆದ ಹೊತ್ತು, ನಮ್ಮ ಸಂಪರ್ಕದ ಐಪಿ ವಿಳಾಸ, ಫೋನಿನ ಬಗೆ ಇವೆಲ್ಲವೂ ಅವನನ್ನು ತಲುಪುತ್ತವೆ. ಫೋನಿನಲ್ಲಿ ಗೂಗಲ್ ಖಾತೆ ತೆರೆದಿದ್ದು, ಚಟುವಟಿಕೆಯ ದಾಖಲೆಯೂ ಚಾಲ್ತಿಯಲ್ಲಿದ್ದರೆ ಈ ಹುಡುಕಾಟಗಳು ಖಾತೆಯ ಹೆಸರಿನಲ್ಲಿಯೇ ಸಾಲಾಗಿ ಸೇರುತ್ತವೆ. ಖಾತೆಯ 'ಮೈ ಆಕ್ಟಿವಿಟಿ' ಪುಟವನ್ನು ತೆರೆದರೆ ಯಾರೂ ಇದನ್ನು ಕಣ್ಣಾರೆ ನೋಡಬಹುದು. ಗೂಗಲ್ ಸಂಸ್ಥೆಯ ಆದಾಯದ ಬಹುಪಾಲು ಜಾಹೀರಾತಿನಿಂದ ಬರುತ್ತದೆ. ನಮ್ಮ ಬಗ್ಗೆ ಹೆಚ್ಚು ತಿಳಿದಷ್ಟೂ ಜಾಹೀರಾತನ್ನು ಗುರಿಯಿಟ್ಟು ತೋರಿಸಲು ಅನುಕೂಲವಾಗುತ್ತದೆ. ಇದರಲ್ಲಿ ಕಳ್ಳತನವೇನೂ ಇಲ್ಲ, ಷರತ್ತುಗಳಿಗೆ ನಾವೇ ಒಪ್ಪಿಗೆಯ ಗುಂಡಿ ಒತ್ತಿರುತ್ತೇವೆ. ಆದರೆ ಏನನ್ನು ಒಪ್ಪಿದ್ದೇವೆಂದು ಓದಿದವರು ನಮ್ಮಲ್ಲಿ ಎಷ್ಟು ಮಂದಿ?

ಇಣುಕುವುದು ಏಕೆ ನಿಷಿದ್ಧ?

ಪವಿತ್ರ ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯದ 12ನೆಯ ಸೂಕ್ತವು ಗುಮಾನಿ, ಗೂಢಚರ್ಯೆ ಮತ್ತು ಪರನಿಂದೆ ಈ ಮೂರನ್ನೂ ಒಟ್ಟಿಗೆ ತಡೆಯುತ್ತದೆ. ಈ ಕ್ರಮವನ್ನು ಗಮನಿಸಿರಿ. ಮೊದಲು ಮನಸ್ಸಿನಲ್ಲಿ ಸಂಶಯ ಹುಟ್ಟುತ್ತದೆ, ಆ ಸಂಶಯವು ಮನುಷ್ಯನನ್ನು ಇಣುಕಲು ಹಚ್ಚುತ್ತದೆ, ಇಣುಕಿ ಕಂಡದ್ದು ನಾಲಗೆಯಿಂದ ಹೊರಬರುತ್ತದೆ. ಅನ್ನೂರ್ ಅಧ್ಯಾಯದ 27ನೆಯ ಸೂಕ್ತವು ಇನ್ನೊಬ್ಬರ ಮನೆಗೆ ಅನುಮತಿ ಕೇಳಿ, ಸಲಾಮ್ ಹೇಳಿಯೇ ಪ್ರವೇಶಿಸಬೇಕೆಂದು ವಿಧಿಸುತ್ತದೆ. ಮನೆಯೊಳಗಿನವರು ಪಾಪ ಮಾಡುತ್ತಿರುವರೆಂದು ಈ ವಿಧಿ ಬಂದುದಲ್ಲ. ಅಡುಗೆ ಮಾಡುತ್ತಿರುವವಳಿಗೂ, ಕಾಯಿಲೆಯಿಂದ ಮಲಗಿರುವವನಿಗೂ, ನಮಾಝಿನಲ್ಲಿ ಅಳುತ್ತಿರುವವನಿಗೂ ಮರೆಯ ಹಕ್ಕಿದೆ.

"ನಾನೇನು ತಪ್ಪು ಮಾಡಿದ್ದೇನೆ, ನನಗೇಕೆ ಮುಚ್ಚುಮರೆ?" ಎಂದು ಕೇಳುವವರಿಗೆ ಇದೇ ಉತ್ತರ. ಸ್ನಾನದ ಕೋಣೆಗೆ ಬಾಗಿಲಿರುವುದು ಒಳಗೆ ಅಪರಾಧ ನಡೆಯುತ್ತಿದೆಯೆಂದಲ್ಲ.

ನಮ್ಮ ದೇಶದ ಕಾನೂನೂ ಈ ಹಕ್ಕನ್ನು ಒಪ್ಪಿದೆ. ಇದರ ಹಿಂದೆ ಕರ್ನಾಟಕದವರೇ ಆದ ಹಿರಿಯರೊಬ್ಬರಿದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕು ಎಂದು ಒಮ್ಮತದ ತೀರ್ಪು ನೀಡಿತು. ಬಳಿಕ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ನಿಧನರಾದರು. ಅವರ ಹೆಸರಿನ ಆ ತೀರ್ಪು ಈಗ ನಮ್ಮೆಲ್ಲರ ಮನೆಯ ಬಾಗಿಲನ್ನೂ ಕಾಯುತ್ತಿದೆ.

ಹೆಸರು ಅಳಿಸಿದರೆ ಸಾಕೇ?

"ಕೋಟ್ಯಂತರ ಜನರ ನಡುವೆ ನಮ್ಮ ಪ್ರಶ್ನೆಯನ್ನು ಯಾರು ಗುರುತಿಸುತ್ತಾರೆ?" ಎಂಬುದು ಇನ್ನೊಂದು ಸಮಾಧಾನ. 2006ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ನಡೆದುದನ್ನು ತಿಳಿದರೆ ಈ ಸಮಾಧಾನ ಉಳಿಯದು. ಎಓಎಲ್ ಎಂಬ ಕಂಪೆನಿಯು ಸಂಶೋಧಕರಿಗೆ ನೆರವಾಗಲೆಂದು ಸುಮಾರು 6,50,000 ಬಳಕೆದಾರರ ಮೂರು ತಿಂಗಳ ಹುಡುಕಾಟಗಳನ್ನು, ಒಟ್ಟು ಸುಮಾರು ಎರಡು ಕೋಟಿಯಷ್ಟನ್ನು, ಬಹಿರಂಗವಾಗಿ ಇಟ್ಟಿತು. ಹೆಸರುಗಳನ್ನು ತೆಗೆದು ಬರೀ ಸಂಖ್ಯೆಗಳನ್ನು ಕೊಟ್ಟಿತ್ತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರರು ಒಂದು ಸಂಖ್ಯೆಯ ಹಿಂದಿದ್ದ ವೃದ್ಧ ವಿಧವೆಯ ಮನೆಬಾಗಿಲಿಗೇ ಹೋಗಿ ನಿಂತರು. ಅವರು ಯಾವ ಬೀಗವನ್ನೂ ಮುರಿಯಲಿಲ್ಲ. ಆಕೆ ಹುಡುಕಿದ್ದ ಊರಿನ ಹೆಸರು, ತನ್ನದೇ ಅಡ್ಡಹೆಸರಿನ ಜನರು, ಕಾಯಿಲೆಗಳು, ಸಾಕುನಾಯಿ ಇವುಗಳನ್ನು ಜೋಡಿಸಿ ನೋಡಿದರು, ಅಷ್ಟೆ.

ಶಿಡ್ಲಘಟ್ಟದಂತಹ ಊರನ್ನು ಊಹಿಸಿಕೊಳ್ಳಿರಿ. ಒಂದು ಮೊಹಲ್ಲಾದ ಹೆಸರು, ಒಂದು ಕಾಯಿಲೆ, ಒಂದು ಕಾಲೇಜು ಇಷ್ಟು ಸಿಕ್ಕಿದರೆ ಯಾರ ಮನೆಯೆಂದು ಹೇಳಲು ವರದಿಗಾರನೂ ಬೇಕಾಗಿಲ್ಲ. ಸಂಗ್ರಹಿಸಿಟ್ಟದ್ದು ಎಂದಾದರೂ ಸೋರಬಹುದು. ಆದುದರಿಂದ ಸಂಗ್ರಹಿಸದೇ ಇರುವವನೇ ಹೆಚ್ಚು ಸುರಕ್ಷಿತನು.

ಅಮೀನನನ್ನು ಪರೀಕ್ಷಿಸುವುದು ಹೇಗೆ?

ಮಕ್ಕಾದ ಜನರು ಪ್ರವಾದಿವರ್ಯರನ್ನು(ಸ) 'ಅಲ್ ಅಮೀನ್' ಎಂದು ಕರೆಯುತ್ತಿದ್ದರು. ಅವರ ಸಂದೇಶವನ್ನು ವಿರೋಧಿಸಿದವರು ಕೂಡಾ ತಮ್ಮ ಅಮೂಲ್ಯ ವಸ್ತುಗಳನ್ನು ಅವರ ಬಳಿಯೇ ಇಡುತ್ತಿದ್ದರು. 622ರಲ್ಲಿ ಹಿಜ್ರಾ ಹೊರಟಾಗ, ಆ ಅಮಾನತ್ತುಗಳನ್ನು ಒಡೆಯರಿಗೆ ಮರಳಿಸಲೆಂದು ಹಝ್ರತ್ ಅಲೀ(ರ)ರನ್ನು ಮಕ್ಕಾದಲ್ಲಿ ಉಳಿಸಿ ಹೋದರೆಂದು ಚರಿತ್ರೆ ಹೇಳುತ್ತದೆ. ಅಂದರೆ ಅಮೀನ್ ಎಂಬ ಬಿರುದು ಸ್ವಂತ ಬಾಯಿಯ ಹೊಗಳಿಕೆಯಿಂದ ಬರಲಿಲ್ಲ. ನಡತೆಯನ್ನು ವರ್ಷಗಟ್ಟಲೆ ಕಂಡವರು ಅದನ್ನು ಕೊಟ್ಟರು. "ನಾವು ನಿಮ್ಮ ಮಾಹಿತಿ ಇಡುವುದಿಲ್ಲ" ಎಂದು ಹೇಳುವ ಪ್ರತಿಯೊಂದು ಕಂಪೆನಿಯನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕು. ಮೂರು ಪ್ರಶ್ನೆಗಳನ್ನು ಕೇಳಿರಿ.

ಮೊದಲನೆಯದು, ಅವನ ಸಂಪಾದನೆ ಎಲ್ಲಿಂದ? ಡಕ್‌ಡಕ್‌ಗೋ ಎಂಬುದು 2008ರಲ್ಲಿ ಅಮೆರಿಕದಲ್ಲಿ ಆರಂಭವಾದ ಸರ್ಚ್ ಎಂಜಿನ್. ಅದೂ ಜಾಹೀರಾತಿನಿಂದಲೇ ಗಳಿಸುತ್ತದೆ. ಆದರೆ ಬರೆದ ಪದಕ್ಕೆ ತಕ್ಕ ಜಾಹೀರಾತು ತೋರಿಸುತ್ತದೆಯೇ ಹೊರತು, ಬಳಕೆದಾರನ ಹಳೆಯ ಹುಡುಕಾಟಗಳ ಕಡತ ಕಟ್ಟುವುದಿಲ್ಲವೆಂದು ಹೇಳುತ್ತದೆ. ಹೊಲಿಗೆ ಯಂತ್ರ ಎಂದು ಬರೆದವನಿಗೆ ಹೊಲಿಗೆ ಯಂತ್ರದ ಜಾಹೀರಾತು ತೋರಿಸಲು ಅವನ ಮನೆಯ ಇತಿಹಾಸ ಬೇಕಾಗಿಲ್ಲ. ಸಂಪಾದನೆಯ ದಾರಿ ಸ್ಪಷ್ಟವಿದ್ದರೆ ಮಾತನ್ನು ನಂಬಲು ಒಂದು ಆಧಾರ ಸಿಗುತ್ತದೆ.

ಎರಡನೆಯದು, ಅವನ ಹಿಂದೆ ಯಾರಿದ್ದಾರೆ? ಡಕ್‌ಡಕ್‌ಗೋದ ಫಲಿತಾಂಶಗಳು ಬಹುಮಟ್ಟಿಗೆ ಮೈಕ್ರೋಸಾಫ್ಟಿನ ಬಿಂಗ್‌ನಿಂದ ಬರುತ್ತವೆ. ನೆದರ್ಲೆಂಡ್ಸಿನ ಸ್ಟಾರ್ಟ್‌ಪೇಜ್, ನಮ್ಮ ಗುರುತನ್ನು ತೆಗೆದು ಗೂಗಲ್ಲಿನಿಂದ ಉತ್ತರ ತಂದುಕೊಡುತ್ತದೆ. 2019ರಲ್ಲಿ ಅದರಲ್ಲಿ ಸಿಸ್ಟಂ1 ಎಂಬ ಅಮೆರಿಕದ ಜಾಹೀರಾತು ಕಂಪೆನಿಯ ಬಂಡವಾಳ ಬಂದಾಗ ಹಲವರು ಪ್ರಶ್ನೆಯೆತ್ತಿದರು. 2021ರಲ್ಲಿ ಬಂದ ಬ್ರೇವ್ ಸರ್ಚ್ ತನ್ನದೇ ಸೂಚಿಯನ್ನು ಕಟ್ಟಿಕೊಂಡಿದೆ. ಅಂಗಡಿಯ ಫಲಕ ಒಬ್ಬನದು, ಸರಕು ಇನ್ನೊಬ್ಬನದು ಇರಬಹುದು. ಅದು ತಪ್ಪಲ್ಲ, ಆದರೆ ತಿಳಿದಿರಬೇಕು.

ಮೂರನೆಯದು, ತಪ್ಪು ಬಯಲಾದಾಗ ಅವನು ಹೇಗೆ ನಡೆದುಕೊಂಡನು? ಡಕ್‌ಡಕ್‌ಗೋದ ಮೊಬೈಲ್ ಬ್ರೌಸರ್, ಬೇರೆ ತಾಣಗಳಲ್ಲಿ ಮೈಕ್ರೋಸಾಫ್ಟ್ ಇರಿಸಿದ್ದ ಕೆಲವು ಜಾಡು ಹಿಡಿಯುವ ಸಂಕೇತಗಳನ್ನು ತಡೆಯುತ್ತಿಲ್ಲವೆಂದು 2022ರ ಮೇ ತಿಂಗಳಲ್ಲಿ ಸಂಶೋಧಕರೊಬ್ಬರು ತೋರಿಸಿಕೊಟ್ಟರು. ಕಂಪೆನಿಯು ಮೈಕ್ರೋಸಾಫ್ಟಿನೊಂದಿಗಿನ ಒಪ್ಪಂದವೇ ಕಾರಣವೆಂದು ಒಪ್ಪಿಕೊಂಡು, ಆಗಸ್ಟಿನಲ್ಲಿ ಆ ತಡೆಯನ್ನು ವಿಸ್ತರಿಸಿತು. 2020ರಲ್ಲಿ ಬ್ರೇವ್ ಬ್ರೌಸರ್, ಬಳಕೆದಾರನು ಬರೆದ ವಿಳಾಸಕ್ಕೆ ತನ್ನ ಕಮಿಷನ್ ಸಂಕೇತವನ್ನು ಸೇರಿಸುತ್ತಿದ್ದುದು ಬಯಲಾಗಿ, ಅದರ ಮುಖ್ಯಸ್ಥರು ಕ್ಷಮೆ ಕೇಳಿದರು. ಗೂಗಲ್ಲಿನ 'ಇನ್‌ಕಾಗ್ನಿಟೋ' ಬಗ್ಗೆ 2020ರಲ್ಲಿ ಅಮೆರಿಕದಲ್ಲಿ ದಾವೆ ಹೂಡಲಾಯಿತು. 2024ರ ರಾಜಿಯಲ್ಲಿ ಆ ಕಂಪೆನಿಯು ಕೋಟಿಗಟ್ಟಲೆ ದಾಖಲೆಗಳನ್ನು ನಾಶಪಡಿಸಲು ಇಲ್ಲವೇ ಗುರುತು ಸಿಗದಂತೆ ಮಾಡಲು ಒಪ್ಪಿತು.

ಇವುಗಳಲ್ಲಿ ದೋಷವಿಲ್ಲದವನು ಯಾರೂ ಇಲ್ಲ. ಹಾಗೆಂದು ಎಲ್ಲರೂ ಒಂದೇ ಎಂದು ಕೈಚೆಲ್ಲುವುದೂ ನ್ಯಾಯವಲ್ಲ. ಕಡಿಮೆ ಸಂಗ್ರಹಿಸುವವನು, ಹೇಗೆ ಗಳಿಸುತ್ತೇನೆಂದು ತೆರೆದು ಹೇಳುವವನು, ತಪ್ಪನ್ನು ತೋರಿಸಿದಾಗ ತಿದ್ದಿಕೊಳ್ಳುವವನು ಉಳಿದವರಿಗಿಂತ ಮೇಲು. ಗುಮಾನಿಯೂ ಕುರುಡು ನಂಬಿಕೆಯೂ ಎರಡೂ ವಿಚಾರಣೆಯ ಶ್ರಮದಿಂದ ತಪ್ಪಿಸಿಕೊಳ್ಳುವ ದಾರಿಗಳು. ಸುದ್ದಿ ಬಂದಾಗ ಪರಿಶೀಲಿಸಿರಿ ಎಂಬ ಅಲ್‌ಹುಜುರಾತ್ ಅಧ್ಯಾಯದ 6ನೆಯ ಸೂಕ್ತದ ಪಾಠವು ಜಾಹೀರಾತಿನ ಮಾತಿಗೂ ಅನ್ವಯಿಸುತ್ತದೆ.

ಬದಲಿಸಿದರೂ ಮುಚ್ಚದ ಬಾಗಿಲುಗಳು

ಸರ್ಚ್ ಎಂಜಿನ್ ಬದಲಿಸುವುದು ಸುಲಭ. ಕ್ರೋಮ್ ಬ್ರೌಸರಿನ ಮೂರು ಚುಕ್ಕಿಗಳನ್ನು ಒತ್ತಿ, ಸೆಟ್ಟಿಂಗ್ಸ್‌ನಲ್ಲಿ 'ಸರ್ಚ್ ಎಂಜಿನ್' ಎಂಬಲ್ಲಿ ಬೇಕಾದುದನ್ನು ಆರಿಸಿದರಾಯಿತು. ಆದರೆ ಇದರಿಂದ ಎಲ್ಲವೂ ಮರೆಯಾಯಿತೆಂದು ತಿಳಿಯಬಾರದು. ಬ್ರೌಸರ್ ಹಳೆಯದೇ ಉಳಿಯುತ್ತದೆ. ನಾವು ತೆರೆದ ತಾಣಕ್ಕೆ ನಮ್ಮ ಭೇಟಿ ತಿಳಿಯುತ್ತದೆ. ಯಾವ ತಾಣಕ್ಕೆ ಹೋದೆವೆಂಬುದು ಮೊಬೈಲ್ ಸಂಪರ್ಕ ಕೊಡುವ ಕಂಪೆನಿಗೂ ತಿಳಿಯಬಹುದು. ಫೋನಿನೊಳಗೆ ಹಿಸ್ಟರಿಯೂ ಉಳಿಯುತ್ತದೆ. ಗೂಗಲ್ಲನ್ನೇ ಬಳಸುವವರು ಖಾತೆಯಲ್ಲಿ 'ವೆಬ್ ಅಂಡ್ ಆ್ಯಪ್ ಆಕ್ಟಿವಿಟಿ'ಯನ್ನು ನಿಲ್ಲಿಸಬಹುದು, ಇಲ್ಲವೇ 3 ತಿಂಗಳಿಗಿಂತ ಹಳೆಯದು ತಾನಾಗಿ ಅಳಿಯುವಂತೆ ಇಡಬಹುದು.

2020ರ ಜುಲೈ ಮೊದಲ ದಿನಗಳಲ್ಲಿ ಭಾರತದ ಹಲವು ಮೊಬೈಲ್ ಜಾಲಗಳಲ್ಲಿ ಡಕ್‌ಡಕ್‌ಗೋ ತೆರೆಯದೆ ಹೋಗಿ, ಕೆಲವು ದಿನಗಳ ಬಳಿಕ ಮರಳಿತು. ಆದುದರಿಂದ ಎರಡು ಬಾಗಿಲುಗಳ ಪರಿಚಯವಿರುವುದು ಒಳ್ಳೆಯದು. ಕನ್ನಡದಲ್ಲಿ ಬರೆದು, ಯಾವುದು ಸರಿಯಾದ ಉತ್ತರ ತರುತ್ತದೆಂದು ನೀವೇ ಹೋಲಿಸಿ ನೋಡಿರಿ. ಹುಡುಕುವ ಆ್ಯಪ್ ಎಂದು ಹೇಳಿಕೊಂಡು ನಿಮ್ಮ ನೆಂಟರಿಷ್ಟರ ನಂಬರುಗಳನ್ನೂ ಎಸ್‌ಎಂಎಸ್‌ಗಳನ್ನೂ ನೋಡಲು ಅನುಮತಿ ಕೇಳಿದರೆ ಅದನ್ನು ಅಲ್ಲಿಯೇ ಬಿಟ್ಟುಬಿಡಿರಿ. ಪುಸ್ತಕ ಹುಡುಕಿಕೊಡುವವನಿಗೆ ನಿಮ್ಮ ತಿಜೋರಿಯ ಕೀಲಿಕೈ ಏಕೆ?

ಮನೆಯೊಳಗಿನ ಅಮಾನತ್ತು

ದೂರದ ಕಂಪೆನಿಯ ಮೇಲೆ ಕೋಪಗೊಳ್ಳುವುದು ಸುಲಭ. ಪಕ್ಕದಲ್ಲಿರುವ ಹೆಂಡತಿಯ ಫೋನಿನ ಹಿಸ್ಟರಿಯನ್ನು ಕದ್ದು ನೋಡದಿರುವುದು ಕಷ್ಟ. ನಮ್ಮ ಎಷ್ಟೋ ಮನೆಗಳಲ್ಲಿ ನಾಲ್ವರಿಗೆ ಒಂದೇ ಫೋನ್ ಇದೆ. ತಾಯಿ ತನ್ನ ಕಾಯಿಲೆಯ ಬಗ್ಗೆ ಹುಡುಕಿದ್ದು ಮಗನಿಗೆ ಕಾಣಿಸಿದರೆ, ಅದು ಅವಳು ಅತ್ತಿತ್ತ ನೋಡಿ ಹೇಳಿದ ಮಾತೇ ಆಗಿದೆ. ಅದನ್ನು ಚಿಕ್ಕಮ್ಮನ ಮನೆಯ ಮಾತಾಗಿಸುವ ಹಕ್ಕು ಮಗನಿಗಿಲ್ಲ. ಆಕೆಯ ಬಳಿ ಕುಳಿತು "ಅಮ್ಮೀ, ಮೈ ಹುಷಾರಿದೆಯೇ? ಆಸ್ಪತ್ರೆಗೆ ಹೋಗಿ ಬರೋಣವೇ?" ಎಂದು ಮೃದುವಾಗಿ ಕೇಳುವ ಹಕ್ಕಿದೆ, ಕರ್ತವ್ಯವೂ ಇದೆ.

ಮಕ್ಕಳ ವಿಷಯ ಬೇರೆ. ಅವರು ತಂದೆತಾಯಿಯರಿಗೆ ಕೊಟ್ಟಿರುವ ಅಮಾನತ್ತು. 2023ರ ಕಾಯ್ದೆಯು ಕೂಡಾ 18 ವರ್ಷಕ್ಕಿಂತ ಕೆಳಗಿನವರ ಮಾಹಿತಿಯನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಚಿಕ್ಕವರ ಫೋನನ್ನು ನೋಡುವುದಿದ್ದರೆ ಅವರಿಗೆ ಹೇಳಿಯೇ, ಅವರ ಎದುರಿನಲ್ಲಿಯೇ ನೋಡಿರಿ. ಕದ್ದು ನೋಡಿದ ತಂದೆಯಿಂದ ಮಗನು ಕದ್ದು ಬಳಸುವುದನ್ನೇ ಕಲಿಯುತ್ತಾನೆ. ಯಾವ ಪ್ರಶ್ನೆಯನ್ನಾದರೂ ಭಯವಿಲ್ಲದೆ ಕೇಳಬಹುದಾದ ತಾಯಿ, ತಂದೆ, ಉಸ್ತಾದ್ ಇದ್ದರೆ ಮಗುವು ಪ್ರತಿಯೊಂದನ್ನೂ ಯಂತ್ರಕ್ಕೆ ಒಪ್ಪಿಸಬೇಕಾಗುವುದಿಲ್ಲ.

ಈ ಮರೆಯನ್ನು ಪಾಪಕ್ಕೆ ಬಳಸಬಹುದಲ್ಲವೇ ಎಂದು ಕೆಲವರು ಶಂಕಿಸಬಹುದು. ಕಂಪೆನಿಯ ಕಡತ ಅಳಿದರೂ ಗೌರವಾನ್ವಿತ ಬರಹಗಾರರಾದ ಮಲಕುಗಳ ಕಡತವಿದೆ ಎಂಬುದನ್ನು ವಿಶ್ವಾಸಿಯು ಮರೆಯುವುದಿಲ್ಲ. ಜನರಿಂದ ಮರೆಯಿರುವಾಗಲೂ ಅಲ್ಲಾಹನಿಗೆ ಹೆದರಿ ನಡೆಯುವುದೇ ತಖ್ವಾ. ಒಬ್ಬ ದಾಸನ ನ್ಯೂನತೆಯನ್ನು ಮುಚ್ಚಿದವನ ನ್ಯೂನತೆಯನ್ನು ಅಲ್ಲಾಹನು ಮುಚ್ಚುವನೆಂಬ ಶುಭವಾರ್ತೆಯೂ ಹದೀಸಿನಲ್ಲಿದೆ. ಆದುದರಿಂದ ಈ ವಾರ ಮನೆಯವರೆಲ್ಲ ಒಟ್ಟಿಗೆ ಕುಳಿತು, ನಮ್ಮ ಪ್ರಶ್ನೆಗಳನ್ನು ಯಾರ ಕೈಗೆ ಕೊಡುತ್ತಿದ್ದೇವೆಂದು ನೋಡಿರಿ. ಪರರ ಪ್ರಶ್ನೆಗಳು ನಮ್ಮ ಕೈಗೆ ಬಿದ್ದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆಂಬುದನ್ನೂ ಅದೇ ಪ್ರಾಮಾಣಿಕತೆಯಿಂದ ನೋಡಿಕೊಳ್ಳಿರಿ. ಅಮಾನತ್ತುಗಳನ್ನು ಕಾಪಾಡುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನೂ ಸೇರಿಸಲಿ, ಆಮೀನ್.