ಜೇನಿನ ಅಳತೆ: ಚಮಚವೋ, ತೂಕವೋ?

ಕಳೆದ ಮಳೆಗಾಲದಲ್ಲಿ ಮಧುಮೇಹವಿರುವ ತಾಯಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಸಕ್ಕರೆಯನ್ನು ಸಂಪೂರ್ಣವಾಗಿ ತ್ಯಜಿಸಿ, ಅದರ ಬದಲಿಗೆ ಜೇನನ್ನು ಬಳಸತೊಡಗಿದ್ದರೂ ರಕ್ತದಲ್ಲಿನ ಸಕ್ಕರೆ ಇಳಿದಿರಲಿಲ್ಲ. "ಚಮಚಕ್ಕೆ ಚಮಚ ಸರಿಯಾಗಿಯೇ ಹಾಕಿಕೊಳ್ಳುತ್ತೇನಲ್ಲ ಡಾಕ್ಟರೇ" ಎಂಬುದು ಅವರ ಅಳಲು. ತಪ್ಪು ಅಡಗಿದ್ದುದು ಆ ಚಮಚದಲ್ಲಿಯೇ.

ಜೇನು ನೀರಿಗಿಂತ ಸುಮಾರು 1.4 ಪಟ್ಟು ಭಾರವಾದುದು. 5 ಮಿ.ಲೀ. ಹಿಡಿಯುವ ಚಹಾ ಚಮಚದಲ್ಲಿ ಜೇನು 7 ಗ್ರಾಂ ತೂಗುತ್ತದೆ; ಅದೇ ಚಮಚದ ಅಂಚಿಗೆ ಸಮನಾಗಿ ತುಂಬಿದ ಸಕ್ಕರೆ ಸುಮಾರು 4 ಗ್ರಾಂ ಮಾತ್ರ. ಜೇನಿನಲ್ಲಿರುವ ನೀರಿನಂಶವನ್ನು ಕಳೆದರೂ ಐದೂವರೆ ಗ್ರಾಂನಷ್ಟು ಶರ್ಕರಾಂಶ ದೇಹವನ್ನು ಸೇರುತ್ತದೆ. ಆ ತಾಯಿ ಸಿಹಿಯನ್ನು ತಗ್ಗಿಸಿರಲಿಲ್ಲ, ಹೆಚ್ಚಿಸಿಕೊಂಡಿದ್ದರು.

ಲೆಕ್ಕ ಸುಲಭವಾಗಿದೆ. ಗ್ರಾಂ ತಿಳಿದಿದ್ದರೆ 1.4ರಿಂದ ಭಾಗಿಸಿ, ಮಿ.ಲೀ. ದೊರೆಯುತ್ತದೆ, ಮಿ.ಲೀ. ತಿಳಿದಿದ್ದರೆ 1.4ರಿಂದ ಗುಣಿಸಿ. ಅರ್ಧ ಕಿಲೋ ಜೇನಿನ ಬಾಟಲಿಯಲ್ಲಿ 360 ಮಿ.ಲೀ.ಗಿಂತ ತುಸು ಕಡಿಮೆ ಜೇನಿದ್ದರೆ ಅಂಗಡಿಯವನು ಮೋಸಮಾಡಿದನೆಂದು ಶಂಕಿಸಬೇಕಾಗಿಲ್ಲ. ಕಾಡುಜೇನನ್ನು 750 ಮಿ.ಲೀ. ಬಾಟಲಿಯಲ್ಲಿ ಕೊಂಡವರಿಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚೇ ದೊರೆತಿರುತ್ತದೆ. ಮನೆಯ ಚಮಚಗಳ ಗಾತ್ರ ಒಂದೇ ತೆರನಾಗಿರುವುದಿಲ್ಲವಾದ್ದರಿಂದ, ಕೆಮ್ಮಿನ ಔಷಧದ ಜೊತೆ ಬರುವ ಗೆರೆಯುಳ್ಳ ಮುಚ್ಚಳವನ್ನು ತೊಳೆದಿಟ್ಟುಕೊಳ್ಳುವುದು ಲೇಸು. (ಒಂದು ವರ್ಷ ತುಂಬದ ಶಿಶುವಿಗೆ ಮಾತ್ರ ಈ ಲೆಕ್ಕವೇ ಬೇಡ, ಜೇನನ್ನು ನಾಲಿಗೆಗೆ ಸವರುವುದೂ ಅಪಾಯಕರ.)

ಈ ವ್ಯತ್ಯಾಸವು ಹೆಚ್ಚು ಕಾಡುವುದು ಜೇನು ಮತ್ತು ತುಪ್ಪ ಕೂಡಿದಾಗ. ಇವೆರಡನ್ನೂ ಸಮಪ್ರಮಾಣದಲ್ಲಿ ಬೆರೆಸಿ ಸೇವಿಸುವುದನ್ನು ಚರಕಸಂಹಿತೆಯು ವಿರುದ್ಧಾಹಾರಗಳಲ್ಲಿ ಎಣಿಸಿದೆ. ಅನೇಕರು ಇದನ್ನು ಬಲ್ಲರು. ಆದಕಾರಣ ಒಂದು ಚಮಚ ಜೇನಿಗೆ ಒಂದೂವರೆ ಚಮಚ ತುಪ್ಪ ಬೆರೆಸಿ, ವಿಷಮವಾಯಿತೆಂದು ನೆಮ್ಮದಿಯಿಂದಿರುತ್ತಾರೆ. ತುಪ್ಪವಾದರೋ ನೀರಿಗಿಂತ ಹಗುರ. ಒಂದು ಚಮಚ ತುಪ್ಪ ತೂಗುವುದು ನಾಲ್ಕೂವರೆ ಗ್ರಾಂ. ಒಂದೂವರೆ ಚಮಚವೆಂದರೆ ಹೆಚ್ಚುಕಡಿಮೆ 7 ಗ್ರಾಂ! ಕಣ್ಣಿಗೆ ವಿಷಮವಾಗಿ ಕಂಡದ್ದು ತಕ್ಕಡಿಯಲ್ಲಿ ಸಮವಾಯಿತು. ಅಳತೆಯಲ್ಲಿಯೂ ತೂಕದಲ್ಲಿಯೂ ವಿಷಮವಾಗಿರಲೆಂದು ನಾನು ನನ್ನ ರೋಗಿಗಳಿಗೆ ಒಂದು ಚಮಚ ತುಪ್ಪಕ್ಕೆ ಎರಡು ಚಮಚ ಜೇನು, ಇಲ್ಲವೇ ಒಂದು ಚಮಚ ಜೇನಿಗೆ ಮೂರು ಚಮಚ ತುಪ್ಪವೆಂದು ಹೇಳುತ್ತೇನೆ. ಮಧುಮೇಹಿಗಳಿಗೆ ಈ ಮಾತು ಅನ್ವಯಿಸದು.

ಮನೆಯಲ್ಲಿ ಲೇಹ್ಯ ಮಾಡುವವರು ಕೂಡ ಇಲ್ಲಿಯೇ ಎಡವುತ್ತಾರೆ. ಪಾಠದಲ್ಲಿ 200 ಗ್ರಾಂ ಜೇನು ಎಂದಿದ್ದರೆ ಅಳತೆಯ ಲೋಟದಲ್ಲಿ 200ರ ಗೆರೆಯವರೆಗೆ ಸುರಿದುಬಿಡುತ್ತಾರೆ. ಅದು 280 ಗ್ರಾಂ ಆಗುತ್ತದೆ, ಲೇಹ್ಯ ನೀರಾಗುತ್ತದೆ. 143 ಮಿ.ಲೀ. ಸಾಕು. ಗಟ್ಟಿಯಾದ ಜೇನು ಸುಲಭವಾಗಿ ಸುರಿಯಲೆಂದು ಅದನ್ನು ಒಲೆಯ ಮೇಲಿಡಬೇಡಿ. ಜೇನನ್ನು ಕಾಯಿಸುವುದನ್ನು ಆಯುರ್ವೇದವು ನಿಷೇಧಿಸಿದೆ. ಲೋಟದ ಒಳಮೈಗೆ ಬೆರಳಿನಿಂದ ತುಸು ತುಪ್ಪ ಸವರಿದರೆ ಜೇನು ಅಂಟದೆ ಪೂರ್ತಿ ಜಾರುತ್ತದೆ. ಪಾಕವು ಪೂರ್ಣವಾಗಿ ತಣಿದ ನಂತರವೇ ಅದನ್ನು ಬೆರೆಸಿರಿ.