ಸುಸ್ತು ಎನ್ನುವ ಮಗಳು ಸೋಮಾರಿಯಲ್ಲ
(ಈ ತಿಂಗಳ ಆರೋಗ್ಯ ಪಾಠ: ಹೈಸ್ಕೂಲ್ ಮಕ್ಕಳಲ್ಲಿ ರಕ್ತಹೀನತೆ)



ನಮ್ಮ ಸಂಘಗಳಲ್ಲಿ ಮಕ್ಕಳ ವಿಷಯ ಬಂದಾಗ ಸಾಮಾನ್ಯವಾಗಿ ಎರಡು ವಯಸ್ಸಿನವರ ಬಗ್ಗೆ ಮಾತ್ರ ಮಾತು ನಡೆಯುತ್ತದೆ. ಒಂದು, ಅಂಗನವಾಡಿ ಮಗು. ಅದಕ್ಕೆ ತೂಕ ನೋಡುತ್ತಾರೆ, ಲಸಿಕೆ ಹಾಕುತ್ತಾರೆ. ಇನ್ನೊಂದು, ಮದುವೆ ವಯಸ್ಸಿಗೆ ಬಂದ ಮಗಳು. ಇವೆರಡರ ನಡುವೆ ಎಂಟು, ಒಂಬತ್ತು, ಹತ್ತನೇ ತರಗತಿಯಲ್ಲಿ ಓದುವ ಮಕ್ಕಳು ಇದ್ದಾರಲ್ಲ, ಅವರನ್ನು ಯಾರೂ ತೂಗುವುದಿಲ್ಲ, ಯಾರೂ ಕೇಳುವುದಿಲ್ಲ. "ಅವಳು ದೊಡ್ಡವಳಾದಳು, ಅವಳೇ ಹಾಕಿಕೊಂಡು ತಿನ್ತಾಳೆ" ಎಂದು ಬಿಟ್ಟುಬಿಡುತ್ತೇವೆ. ಆದರೆ ಹುಟ್ಟಿದ ಮೊದಲೆರಡು ವರ್ಷ ಬಿಟ್ಟರೆ ದೇಹ ಅತಿ ವೇಗವಾಗಿ ಬೆಳೆಯುವುದು ಇದೇ ವಯಸ್ಸಿನಲ್ಲಿ.

ಒಬ್ಬ ಒಂಬತ್ತನೇ ತರಗತಿ ಹುಡುಗಿಯನ್ನು ಮನಸ್ಸಿಗೆ ತಂದುಕೊಳ್ಳಿ. ಬೆಳಿಗ್ಗೆ ಎದ್ದು ನೀರು ಹಿಡಿದು, ಕಸ ಗುಡಿಸಿ, ಏಳೂವರೆ ಬಸ್ಸಿಗೆ ಓಡುತ್ತಾಳೆ. ಹೊಟ್ಟೆಗೆ ಒಂದು ಲೋಟ ಟೀ, ಎರಡು ಬಿಸ್ಕತ್ತು. ಮೂರನೇ ಪೀರಿಯಡ್ಡಿಗೆ ತಲೆ ತಿರುಗುತ್ತದೆ. ಮೇಷ್ಟ್ರು ಕೇಳಿದ್ದು ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಸಂಜೆ ಮನೆಗೆ ಬಂದು ಚೀಲ ಬಿಸಾಡಿ ಮಲಗುತ್ತಾಳೆ. "ಪುಸ್ತಕ ಹಿಡಿದರೆ ನಿದ್ದೆ, ಕೆಲಸ ಹೇಳಿದರೆ ಸುಸ್ತು" ಎಂದು ಅಮ್ಮ ಬೈಯುತ್ತಾಳೆ. ಪರೀಕ್ಷೆಯಲ್ಲಿ ಅಂಕ ಇಳಿಯುತ್ತದೆ. "ಇವಳ ತಲೆಗೆ ಓದು ಹತ್ತಲ್ಲ, ಹತ್ತನೇ ಕ್ಲಾಸ್ ಮುಗಿದರೆ ಸಾಕು, ಒಳ್ಳೆ ಕಡೆ ನೋಡೋಣ" ಎಂದು ಅಪ್ಪ ತೀರ್ಮಾನಿಸುತ್ತಾನೆ. ಅವಳ ಮೈಯಲ್ಲಿ ರಕ್ತ ಎಷ್ಟಿದೆ ಎಂದು ಮಾತ್ರ ಯಾರೂ ನೋಡಲಿಲ್ಲ!

ಇದು ಎಲ್ಲೋ ಒಬ್ಬಳ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೆ ಮುಂಚಿನ 2015-16ರ ಸಮೀಕ್ಷೆಯಲ್ಲಿ ಇದು 54 ಇತ್ತು. ಅಂದರೆ ಕಡಿಮೆ ಆಗುವ ಬದಲು ಹೆಚ್ಚಾಗಿದೆ. ಗಂಡುಮಕ್ಕಳಿಗೆ ಇಲ್ಲ ಎಂದುಕೊಳ್ಳಬೇಡಿ. ಅದೇ ವಯಸ್ಸಿನ ಹುಡುಗರಲ್ಲಿ 100ಕ್ಕೆ 31 ಮಂದಿಗೆ ಇತ್ತು.

ರಕ್ತಹೀನತೆ ಅಂದರೆ ಏನು?

ನಮ್ಮ ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತು ಇದೆ. ನಾವು ಉಸಿರಾಡಿದ ಆಮ್ಲಜನಕವನ್ನು ಹೊತ್ತುಕೊಂಡು ಮಿದುಳಿಗೆ, ಸ್ನಾಯುಗಳಿಗೆ, ಮೈಯ ಮೂಲೆ ಮೂಲೆಗೆ ಮುಟ್ಟಿಸುವುದು ಇದರ ಕೆಲಸ. ಇದನ್ನು ತಯಾರು ಮಾಡಲು ಕಬ್ಬಿಣದ ಅಂಶ ಬೇಕು. ಕಬ್ಬಿಣ ಸಾಲದಿದ್ದರೆ ಹಿಮೋಗ್ಲೋಬಿನ್ ಕಡಿಮೆ, ಅದು ಕಡಿಮೆಯಾದರೆ ಆಮ್ಲಜನಕ ಕಡಿಮೆ. ಆಗ ಹೃದಯ ಬೇಗ ಬೇಗ ಬಡಿದು ಹೇಗೋ ಸುಧಾರಿಸಲು ನೋಡುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ತಲೆನೋವು, ಮರೆವು, ಸಿಡುಕು ಎಲ್ಲವೂ ಇದರಿಂದಲೇ ಬರಬಹುದು.

ಹೈಸ್ಕೂಲ್ ವಯಸ್ಸಿನ ಹುಡುಗಿಯ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಹುಡುಗನಿಗೆ 15 ವರ್ಷದ ತನಕ 12, ಆಮೇಲೆ 13. ಹುಡುಗಿಗೆ 11ಕ್ಕಿಂತ ಕಡಿಮೆ ಇದ್ದರೆ ಮಧ್ಯಮ, 8ಕ್ಕಿಂತ ಕಡಿಮೆ ಇದ್ದರೆ ತೀವ್ರ. ಎಂಟಕ್ಕಿಂತ ಕೆಳಗೆ ಹೋದರೆ ಮನೆ ಮದ್ದು, ನೆರೆಹೊರೆಯ ಸಲಹೆ ಎಂದು ದಿನ ಕಳೆಯಬೇಡಿ. ಡಾಕ್ಟರೇ ನೋಡಬೇಕು.

ಮನೆಯಲ್ಲೇ ಗುಮಾನಿ ಪಡಲು ಒಂದಷ್ಟು ಗುರುತುಗಳಿವೆ. ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, ಒಳಗೆ ಕೆಂಪಿದೆಯೇ, ಬಿಳಿಚಿದೆಯೇ? ನಾಲಿಗೆ, ಉಗುರು, ಅಂಗೈ ಹೇಗಿದೆ? ಇನ್ನೊಂದನ್ನು ನಾವು ತಮಾಷೆ ಎಂದು ಬಿಟ್ಟುಬಿಡುತ್ತೇವೆ: ಬಳಪ ತಿನ್ನುವುದು, ಮಣ್ಣು ತಿನ್ನುವುದು, ಹಸಿ ಅಕ್ಕಿ ಮುಕ್ಕುವುದು. ಮಗಳು ಅಕ್ಕಿ ಡಬ್ಬಕ್ಕೆ ಕೈ ಹಾಕಿದರೆ "ಮದುವೆ ದಿನ ಮಳೆ ಬರ್ತದೆ" ಎಂದು ನಗುತ್ತೇವಲ್ಲ, ಅದು ಎಷ್ಟೋ ಸಲ ಕಬ್ಬಿಣದ ಕೊರತೆಯ ಲಕ್ಷಣ. ಆದರೆ ಕಣ್ಣು ನೋಡಿ ಹೇಳುವುದು ಗುಮಾನಿ ಮಾತ್ರ, ಖಾತ್ರಿಯಾಗಲು ರಕ್ತ ಪರೀಕ್ಷೆಯೇ ಆಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದನ್ನು ಉಚಿತವಾಗಿ ಮಾಡುತ್ತಾರೆ. ಬೆರಳ ತುದಿಯ ಒಂದು ಹನಿ ಸಾಕು.

ಈ ವಯಸ್ಸಿಗೇ ಯಾಕೆ?

ಮೈ ಬೆಳೆದ ಹಾಗೆ ರಕ್ತದ ಪ್ರಮಾಣವೂ ಬೆಳೆಯಬೇಕು. ಹುಡುಗಿಯರಿಗೆ ಇದರ ಜೊತೆಗೆ ಮುಟ್ಟು ಶುರುವಾಗುತ್ತದೆ, ತಿಂಗಳು ತಿಂಗಳು ರಕ್ತ ಹೋಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿರುವ ಲೆಕ್ಕ ನೋಡಿ. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಆಹಾರದಲ್ಲಿ 30 ಮಿಲಿಗ್ರಾಂ ಕಬ್ಬಿಣ ಬೇಕು, ಹುಡುಗನಿಗೆ 22. ದೊಡ್ಡ ಗಂಡಸಿಗೆ ಬೇಕಾಗಿರುವುದು 19 ಮಾತ್ರ. ಅಂದರೆ ಮನೆಯ ಯಜಮಾನನಿಗಿಂತ ಒಂದೂವರೆ ಪಟ್ಟು ಹೆಚ್ಚು ಕಬ್ಬಿಣ ಹೈಸ್ಕೂಲ್ ಮಗಳಿಗೆ ಬೇಕು.

ಈಗ ನಮ್ಮ ಮನೆಯ ಊಟದ ಸಾಲು ಯೋಚನೆ ಮಾಡಿ. ಮೊದಲು ಗಂಡಸರು, ಆಮೇಲೆ ಗಂಡುಮಕ್ಕಳು, ಕೊನೆಗೆ ತಾಯಿ ಮಗಳು. ಮೀನಿನ ನಡುತುಂಡು, ಕೋಳಿಯ ಈಲಿ, ಸಾರಿನ ತಳದ ಕಾಳು ಯಾರ ತಟ್ಟೆಗೆ ಹೋಗುತ್ತದೆ? ಇದನ್ನು ಗಂಡಸರು ಬಂದು ಮಾಡಿದ್ದಲ್ಲ, ಸೌಟು ನಮ್ಮ ಕೈಯಲ್ಲೇ ಇದೆ.

ಮತ್ತೊಂದು ಕಾರಣ ಹೊಟ್ಟೆಯ ಹುಳ. ಕೊಕ್ಕೆಹುಳ ಎಂಬುದು ಬರಿಗಾಲಲ್ಲಿ ಕೊಳೆಮಣ್ಣು ತುಳಿದಾಗ ಪಾದದ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಇದು ಇರುವ ತನಕ ನೀವು ಎಷ್ಟು ಸೊಪ್ಪು ತಿನ್ನಿಸಿದರೂ ತೂತು ಕೊಡದಲ್ಲಿ ನೀರು ತುಂಬಿದ ಹಾಗೆ. ಪಾಯಿಖಾನೆ ಬಳಕೆ, ಕಾಲಿಗೆ ಚಪ್ಪಲಿ, ವರ್ಷಕ್ಕೆ ಎರಡು ಸಲ ಹುಳದ ಮಾತ್ರೆ, ಇಷ್ಟು ಬೇಕು. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ, ಫೆಬ್ರವರಿ 10 ಮತ್ತು ಆಗಸ್ಟ್ 10 ಅದರ ದಿನಗಳು. ಶಾಲೆಯಲ್ಲಿ ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಕೊಡುತ್ತಾರೆ, ಚೀಪಿ ಅಗಿದು ತಿನ್ನಬೇಕು. ಅವತ್ತು ಮಗು ರಜೆ ಹಾಕಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ.

ನೀಲಿ ಮಾತ್ರೆಯ ವಿಷಯ

6ರಿಂದ 12ನೇ ತರಗತಿಯ ಮಕ್ಕಳಿಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡುವ ಕಾರ್ಯಕ್ರಮ ಇದೆ. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ ಕೊಡಬೇಕು. 2018ರಲ್ಲಿ ಬಂದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲೂ ಈ ವಯಸ್ಸಿನವರಿಗೆ ನೀಲಿ ಬಣ್ಣದ ಮಾತ್ರೆಯೇ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇರುತ್ತದೆ. ಹುಡುಗಿಗೂ ಕೊಡುತ್ತಾರೆ, ಹುಡುಗನಿಗೂ ಕೊಡುತ್ತಾರೆ.

ಆದರೆ ಮಾತ್ರೆ ಕೈಗೆ ಬಂದರೂ ಹೊಟ್ಟೆಗೆ ಹೋಗುವುದಿಲ್ಲ, ಇದೇ ದೊಡ್ಡ ಕಷ್ಟ. ಕಿಟಕಿಯಿಂದ ಹೊರಗೆ ಎಸೆಯುವ ಮಕ್ಕಳಿದ್ದಾರೆ. "ಅದನ್ನು ತಿಂದರೆ ಮುಂದೆ ಮಕ್ಕಳಾಗಲ್ಲವಂತೆ" ಎಂಬ ಗಾಳಿಮಾತು ಹಲವು ಕಡೆ ಇದೆ. ಸಹೋದರಿಯರೇ, ಇದು ಸುಳ್ಳು. ಬಸುರಿಯಾದಾಗ ನಮಗೆ ದಿನಾ ಕೊಟ್ಟದ್ದೂ ಇದೇ ಕಬ್ಬಿಣ, ಇದೇ ಫೋಲಿಕ್ ಆಮ್ಲ. ಮಾತ್ರೆಯ ಬಣ್ಣ ಮಾತ್ರ ಬೇರೆ. ಮಕ್ಕಳಾಗದಂತೆ ಮಾಡುವ ಮಾತ್ರೆಯನ್ನು ಬಸುರಿಗೆ ಯಾರಾದರೂ ಕೊಡ್ತಾರಾ?

ಹೊಟ್ಟೆ ತೊಳೆಸುವುದು, ಸ್ವಲ್ಪ ಹೊಟ್ಟೆ ನೋವು, ಮಲಬದ್ಧತೆ ಆಗಬಹುದು, ಇದು ನಿಜ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಜಾಸ್ತಿ. ಒಂದು ಮಗು ವಾಂತಿ ಮಾಡಿದರೆ ನೋಡಿದ ಇನ್ನೂ ಹತ್ತು ಮಕ್ಕಳಿಗೆ ಹೆದರಿಕೆಯಿಂದಲೇ ಹೊಟ್ಟೆ ಕಲಕುತ್ತದೆ, ಊರಲ್ಲಿ ಗಲಾಟೆ ಆಗುತ್ತದೆ. ಅದಕ್ಕೇ ಬಿಸಿಯೂಟ ಆದ ಮೇಲೆ, ನೀರಿನ ಜೊತೆ ನುಂಗಬೇಕು. ಹಾಲಿನ ಜೊತೆ ಬೇಡ, ಹಾಲಿನ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹಿಡಿಯಲು ಬಿಡುವುದಿಲ್ಲ. ಮಲ ಕಪ್ಪಗೆ ಹೋದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ.

ವಾರಕ್ಕೊಂದು ಮಾತ್ರೆ ತಡೆಗಟ್ಟಲು ಮಾತ್ರ. ಈಗಾಗಲೇ ರಕ್ತ ಕಡಿಮೆ ಇರುವ ಮಗುವಿಗೆ ಡಾಕ್ಟರು ದಿನವೂ ತೆಗೆದುಕೊಳ್ಳಲು ಹೇಳುತ್ತಾರೆ, ಸುಮಾರು ಮೂರು ತಿಂಗಳು. ಹದಿನೈದು ದಿನಕ್ಕೆ ಮುಖ ಕಳೆಕಟ್ಟಿತು ಎಂದು ನಿಲ್ಲಿಸಿದರೆ ಮತ್ತೆ ಮೊದಲಿನಂತೆ. ಮೂರು ತಿಂಗಳಾದರೂ ಹಿಮೋಗ್ಲೋಬಿನ್ ಏರದಿದ್ದರೆ ಬೇರೆ ಕಾರಣ ಇರಬಹುದು. ಬುಡಕಟ್ಟು ಕುಟುಂಬಗಳಲ್ಲಿ ಕುಡಗೋಲು ಕಣ ರೋಗ, ಕೆಲವು ಮನೆತನಗಳಲ್ಲಿ ಥಲಸ್ಸೇಮಿಯಾ ಇರುತ್ತದೆ. ಅಂಥವರಿಗೆ ಡಾಕ್ಟರನ್ನು ಕೇಳದೆ ಕಬ್ಬಿಣ ಕೊಡಬಾರದು.

ಅಡುಗೆಮನೆಯಲ್ಲಿ

ಪೇಟೆಯ ಟಾನಿಕ್ ಬಾಟಲಿಗೆ ದುಡ್ಡು ಹಾಕುವ ಮೊದಲು ನಮ್ಮ ಅಡುಗೆಮನೆ ನೋಡೋಣ. 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಅಷ್ಟೇ ರಾಗಿಯಲ್ಲಿ ಸುಮಾರು ನಾಲ್ಕೂವರೆ, ಹುರುಳಿಕಾಳಿನಲ್ಲಿ ಎಂಟೂವರೆಗಿಂತ ಜಾಸ್ತಿ ಇದೆ. ಹುರುಳಿಯನ್ನು ನಾವು ದನಕ್ಕೆ ಬೇಯಿಸಿ ಹಾಕುತ್ತೇವೆ, ಮಕ್ಕಳಿಗೆ ಬಿಳಿ ಅನ್ನ ಬಡಿಸುತ್ತೇವೆ! ಹುರುಳಿ, ಹೆಸರು, ರಾಗಿ ಮೊಳಕೆ ಬರಿಸಿದರೆ ಕಬ್ಬಿಣ ಇನ್ನೂ ಚೆನ್ನಾಗಿ ಮೈಗೆ ಹಿಡಿಯುತ್ತದೆ. ನುಗ್ಗೆಸೊಪ್ಪು, ದಂಟು, ಹರಿವೆ ಹಿತ್ತಲಲ್ಲೇ ಬೆಳೆಯುತ್ತವೆ. ಮಾಂಸ ತಿನ್ನುವವರಿಗೆ ಈಲಿ, ಸಣ್ಣ ಮೀನು ಬಹಳ ಒಳ್ಳೆಯದು. ಮಾಂಸದ ಕಬ್ಬಿಣ ಸೊಪ್ಪಿನ ಕಬ್ಬಿಣಕ್ಕಿಂತ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಬೀಟ್‌ರೂಟ್ ತಿಂದರೆ ರಕ್ತ ಆಗ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಅದು ಕೆಂಪಗಿದೆ ಅಷ್ಟೇ, ಕಬ್ಬಿಣ ಬಹಳ ಕಡಿಮೆ. ತಿನ್ನಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಸೊಪ್ಪು ಕಾಳಿನ ಕಬ್ಬಿಣಕ್ಕೆ ಹುಳಿಯ ಜೊತೆ ಬೇಕು. ನಿಂಬೆರಸ, ನೆಲ್ಲಿಕಾಯಿ, ಸೀಬೆಹಣ್ಣು, ಟೊಮ್ಯಾಟೊ ಯಾವುದಾದರೂ ಸರಿ. ಟೀ ಕಾಫಿ ಮಾತ್ರ ಇದಕ್ಕೆ ವೈರಿ. ಊಟದ ಜೊತೆ ಟೀ ಕುಡಿದರೆ ತಿಂದ ಸೊಪ್ಪಿನ ಕಬ್ಬಿಣ ಬಹುಪಾಲು ಹಾಳು. ಒಂದು ಗಂಟೆಯಾದರೂ ಅಂತರ ಇರಲಿ. ಹಳೆಯ ಕಬ್ಬಿಣದ ಬಾಣಲೆಯನ್ನು ಗುಜರಿಗೆ ಹಾಕಬೇಡಿ, ಒಗ್ಗರಣೆ ಪಲ್ಯ ಅದರಲ್ಲೇ ಆಗಲಿ. ಹುಳಿ ಪದಾರ್ಥ ಅದರಲ್ಲೇ ಇಟ್ಟು ತಂಗಳು ಮಾಡಬಾರದು ಅಷ್ಟೆ.

ಎಲ್ಲಕ್ಕಿಂತ ಮೊದಲು ಬೆಳಗಿನ ತಿಂಡಿ. ಬಸ್ಸಿಗೆ ಹೊತ್ತಾಗುತ್ತದೆ ಎಂದರೆ ರಾತ್ರಿಯೇ ಒಂದು ರೊಟ್ಟಿ, ಕಾಳುಪಲ್ಯ ಎತ್ತಿಟ್ಟು ಡಬ್ಬಕ್ಕೆ ಹಾಕಿಕೊಡಿ. ಬೆಳಗಿನ ಕೆಲಸದಲ್ಲಿ ಒಂದನ್ನು ಮಗನಿಗೆ ಹಂಚಿದರೆ ಮಗಳಿಗೆ ಕೂತು ತಿನ್ನಲು ಹತ್ತು ನಿಮಿಷ ಸಿಗುತ್ತದೆ.

ಮುಟ್ಟು, ನೀರು, ಮನಸ್ಸು

ಮುಟ್ಟು ಏಳು ದಿನಕ್ಕಿಂತ ಹೆಚ್ಚು ಹೋದರೆ, ಗಂಟೆಗೆ ಎರಡು ಗಂಟೆಗೆ ಬಟ್ಟೆ ಅಥವಾ ಪ್ಯಾಡ್ ಬದಲಿಸಬೇಕಾದರೆ, "ಎಲ್ಲರಿಗೂ ಹಾಗೇ" ಎಂದು ಸುಮ್ಮನಿರಬೇಡಿ, ಲೇಡಿ ಡಾಕ್ಟರಿಗೆ ತೋರಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹಾ ಕ್ಲಿನಿಕ್ ಇದೆ, ಅಲ್ಲಿ ಮಗಳು ನಾಚಿಕೆಯಿಲ್ಲದೆ ಕೇಳಬಹುದು. ಶಾಲೆಯ ಶೌಚಾಲಯಕ್ಕೆ ಚಿಲಕ ಇಲ್ಲ, ನೀರಿಲ್ಲ ಎಂದು ದಿನವಿಡೀ ನೀರೇ ಕುಡಿಯದ ಹುಡುಗಿಯರು ಬೇಕಾದಷ್ಟು ಇದ್ದಾರೆ. ಉರಿಮೂತ್ರ, ತಲೆನೋವು ಬರುವುದು ಹೀಗೆ. ಶಾಲಾಭಿವೃದ್ಧಿ ಸಮಿತಿಯಲ್ಲಿ ನಮ್ಮ ಸಂಘದ ತಾಯಂದಿರು ಇದ್ದರೆ ಆ ಚಿಲಕದ ವಿಷಯ ಸಭೆಯ ನಡವಳಿ ಪುಸ್ತಕದಲ್ಲಿ ಬರೆಸಬೇಕು. ಬಾಯಿಮಾತಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ.

ಸುಸ್ತು ಎಲ್ಲವೂ ರಕ್ತದಿಂದಲೇ ಬರುವುದಿಲ್ಲ. ರಾತ್ರಿ ಹನ್ನೆರಡರ ತನಕ ಮೊಬೈಲ್ ನೋಡಿದರೂ ಸುಸ್ತು, ಪರೀಕ್ಷೆಯ ಭಯದಿಂದಲೂ ಸುಸ್ತು, ಯಾರೋ ಕಾಟ ಕೊಡುತ್ತಿದ್ದರೂ ಸುಸ್ತು. ರಕ್ತ ಸರಿಯಿದ್ದೂ ಮಗು ಊಟ ಬಿಟ್ಟಿದೆ, ಮಾತು ಬಿಟ್ಟಿದೆ, "ನಾನು ಇರಲೇಬಾರದು" ಎನ್ನುತ್ತಿದೆ ಎಂದರೆ ಬೈಯದೆ ಹತ್ತಿರ ಕೂತು ಕೇಳಿ, ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಗುವಿಗೆ ಹಿಂಸೆ ಆಗುತ್ತಿದ್ದರೆ, ಹದಿನೆಂಟು ತುಂಬುವ ಮೊದಲೇ ಮದುವೆ ಗೊತ್ತಾಗಿದ್ದರೆ 1098. ರಕ್ತ 9 ಗ್ರಾಂ ಇರುವ ಹುಡುಗಿ ಹದಿನಾರಕ್ಕೆ ಮದುವೆಯಾಗಿ ಹದಿನೇಳಕ್ಕೆ ಹೆರಿಗೆಗೆ ಹೋದರೆ ಎರಡು ಜೀವದ ಗತಿ ಏನು ಎಂಬುದನ್ನು ನಮ್ಮ ಊರುಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಸಂಘದ ಸಭೆಯಲ್ಲಿ ಮಾತಾಡಲು

ನಮ್ಮ ಸಂಘದ ಸದಸ್ಯೆಯರ ಮನೆಗಳಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳು ಎಷ್ಟು ಮಂದಿ? ಅವರಲ್ಲಿ ಎಷ್ಟು ಮಂದಿಯ ಹಿಮೋಗ್ಲೋಬಿನ್ ಎಷ್ಟೆಂದು ತಾಯಿಗೆ ಗೊತ್ತಿದೆ?

ನಿನ್ನೆ ರಾತ್ರಿ ಮನೆಯಲ್ಲಿ ಮೊದಲು ಯಾರು ಉಂಡರು, ಕೊನೆಗೆ ಯಾರು? ಕೊನೆಯವರಿಗೆ ಏನು ಉಳಿದಿತ್ತು?

ನಮ್ಮೂರ ಶಾಲೆಯಲ್ಲಿ ನೀಲಿ ಮಾತ್ರೆ ಯಾವ ವಾರ ಕೊಡುತ್ತಾರೆ? ಟೀಚರ ಎದುರಲ್ಲೇ ನುಂಗಿಸುತ್ತಾರೆಯೇ, ಮನೆಗೆ ಕಳಿಸುತ್ತಾರೆಯೇ? ಇಬ್ಬರು ಸದಸ್ಯೆಯರು ಹೋಗಿ ಮುಖ್ಯೋಪಾಧ್ಯಾಯರನ್ನು ವಿಚಾರಿಸಿ ಬರಲಿ. ಜಗಳಕ್ಕಲ್ಲ, ತಿಳಿದುಕೊಳ್ಳಲಿಕ್ಕೆ.

ಮುಂದಿನ ಸಭೆಗೆ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದ ಸಿಸ್ಟರನ್ನೋ ಕರೆಯಿಸಿ, ಮಕ್ಕಳ ಜೊತೆಗೆ ತಾಯಂದಿರದ್ದೂ ರಕ್ತ ಪರೀಕ್ಷೆ ಮಾಡಿಸಿ. ಉಳಿತಾಯದ ಪುಸ್ತಕದ ಕೊನೆಯ ಹಾಳೆಯಲ್ಲಿ ಪ್ರತಿ ಮಗುವಿನ ಹೆಸರು, ತಾರೀಖು, ಎಷ್ಟು ಗ್ರಾಂ ಎಂದು ಬರೆದಿಡಿ. ಮೂರು ತಿಂಗಳ ನಂತರ ಮತ್ತೆ ನೋಡಿ, ಪಕ್ಕದಲ್ಲೇ ಬರೆಯಿರಿ.